ಫೈಬ್ರೋಸಿಸ್‌ಗೆ ಯಾವ ಟೆಸ್ಟ್? ಎಷ್ಟಿದೆ ಅನ್ನೋದು ಬೇರೆ, ಎಷ್ಟು ಬಿಗಿದಿದೆ ಅನ್ನೋದು ಬೇರೆ

ಹುಬ್ಬಳ್ಳಿಯಲ್ಲಿ ಲ್ಯಾಬ್ ಕೆಲಸ ಮಾಡುವ ನನ್ನಂಥವರ ಹತ್ತಿರ ಫೈಬ್ರೋಸಿಸ್ (ಅಂಗದೊಳಗೆ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಕಟ್ಟುವುದು) ವಿಷಯ ಹಿಡಿದು ಎರಡು ಥರದ ಜನ ಬರುತ್ತಾರೆ. ಒಬ್ಬರ ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಇರುತ್ತದೆ. 'ಫ್ಯಾಟಿ ಲಿವರ್ ಗ್ರೇಡ್ 2' ಅಂತ ಬರೆದಿರುತ್ತದೆ, ಮುಂದೆ ಯಾವ ಟೆಸ್ಟ್ ಮಾಡಿಸಬೇಕು ಅಂತ ಕೇಳುತ್ತಾರೆ. ಇನ್ನೊಬ್ಬರು ಎಂ.ಡಿ. ಅಥವಾ ಎಂ.ಎಸ್ಸಿ. ಓದುವವರು. ಥೀಸಿಸ್‌ಗೆ 'ಕೊಲಾಜನ್ ಕ್ರಾಸ್‌ಲಿಂಕ್' (ಕಲೆಯ ಪ್ರೋಟೀನ್ ಎಳೆಗಳ ನಡುವಿನ ಕೊಂಡಿ) ವಿಷಯ ಹಿಡಿದಿರುತ್ತಾರೆ, ಯಾವ ಕಿಟ್ ತರಿಸಲಿ ಅಂತ ಕೇಳುತ್ತಾರೆ.

ಇಬ್ಬರಿಗೂ ನಾನು ತಿರುಗಿ ಕೇಳುವುದು ಒಂದೇ. ನಿಮಗೆ ಗೊತ್ತಾಗಬೇಕಿರುವುದು ಏನು? ಅಂಗದೊಳಗೆ ಕಲೆ ಎಷ್ಟು ಕಟ್ಟಿದೆ ಅಂತಲೋ, ಅದು ಈಗಲೂ ಬೆಳೆಯುತ್ತಿದೆಯಾ ಅಂತಲೋ, ಅಥವಾ ಕಟ್ಟಿದ ಕಲೆ ಇನ್ನು ಕರಗುವಂಥದ್ದಾ ಅಂತಲೋ? ಮೂರಕ್ಕೂ ಸೇರಿ ಒಂದು ಟೆಸ್ಟ್ ಇಲ್ಲ. ಪೇಟೆಯಲ್ಲಿ ಸಿಗುವ ಬಹುತೇಕ ಟೆಸ್ಟ್‌ಗಳು ಮೊದಲ ಎರಡಕ್ಕೆ ಉತ್ತರ ಕೊಡುತ್ತವೆ. ಕ್ರಾಸ್‌ಲಿಂಕ್ ಅಳತೆ ಬೇಕಾಗುವುದು ಮೂರನೆಯದಕ್ಕೆ. ಆದರೆ ಅದು ಇನ್ನೂ ಸಂಶೋಧನೆಯ ಮನೆಯಿಂದ ಪೂರ್ತಿ ಹೊರಗೆ ಬಂದಿಲ್ಲ. ಹಾಗಾಗಿ ಯಾರು ಯಾವುದಕ್ಕೆ ದುಡ್ಡು ಹಾಕಬೇಕು, ಯಾರು ಸುಮ್ನೆ ಹಾಕಬಾರದು ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಕ್ರಾಸ್‌ಲಿಂಕ್ ಯಾಕೆ ಬೇರೆ ಲೆಕ್ಕ

ಕೊಲಾಜನ್ ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಪ್ರೋಟೀನ್, ಒಟ್ಟು ಪ್ರೋಟೀನಿನ ಸುಮಾರು ಶೇ. 30ರಷ್ಟು. ಮೂರು ಎಳೆ ಒಂದಕ್ಕೊಂದು ಹುರಿಗೊಂಡ ಅದರ ರಚನೆಯನ್ನು 1954-55ರಲ್ಲಿ ಮದ್ರಾಸಿನಲ್ಲಿ ಕೂತು ಬಿಡಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಇದು ನಮ್ಮ ಕಡೆಯ ಎಷ್ಟೋ ಬಯೋಕೆಮಿಸ್ಟ್ರಿ ಕ್ಲಾಸಿನಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಬೇಜಾರಿನ ಸಂಗತಿ.

ಲಿವರ್, ಶ್ವಾಸಕೋಶ, ಹೃದಯ, ಕಿಡ್ನಿ ಯಾವುದಕ್ಕಾದರೂ ಪದೇ ಪದೇ ಪೆಟ್ಟು ಬಿದ್ದರೆ ಅಲ್ಲಿನ ಕೆಲವು ಜೀವಕೋಶಗಳು ಕೊಲಾಜನ್ ಸುರಿಯಲು ಶುರು ಮಾಡುತ್ತವೆ, ಮುಖ್ಯವಾಗಿ ಒಂದನೇ ಮತ್ತು ಮೂರನೇ ಬಗೆಯದು. ಸುರಿದ ಕೊಲಾಜನ್ ಅಷ್ಟಕ್ಕೇ ಗಟ್ಟಿಯಾಗುವುದಿಲ್ಲ. ಮನೆಯಲ್ಲಿ ಕೌದಿ ಹೊಲಿಯುವುದನ್ನು ನೋಡಿದ್ದೀರಲ್ವಾ? ಹಳೇ ಸೀರೆ, ಧೋತರದ ತುಂಡು ಗುಡ್ಡೆ ಹಾಕಿದಾಗ ಯಾವ ತುಂಡನ್ನಾದರೂ ಎಳೆದು ತೆಗೆಯಬಹುದು. ಸಾಲು ಸಾಲು ಹೊಲಿಗೆ ಬಿದ್ದ ಮೇಲೆ ಅದೇ ಬಟ್ಟೆ, ಅದೇ ತೂಕ, ಆದರೆ ಒಂದು ತುಂಡೂ ಬಿಟ್ಟು ಬರುವುದಿಲ್ಲ. ಕ್ರಾಸ್‌ಲಿಂಕ್ ಅಂದರೆ ಆ ಹೊಲಿಗೆ.

ಹೊಲಿಗೆ ಹಾಕುವ ಎಂಜೈಮ್ ಲೈಸಿಲ್ ಆಕ್ಸಿಡೇಸ್. ಇದರ ಮನೆತನದಲ್ಲಿ ಐದು ಮಂದಿ: ಲಾಕ್ಸ್, ಮತ್ತೆ ಲಾಕ್ಸ್‌ಎಲ್-1ರಿಂದ ಲಾಕ್ಸ್‌ಎಲ್-4ರವರೆಗೆ. ಕೆಲಸ ಮಾಡಲು ಇವಕ್ಕೆ ತಾಮ್ರ ಬೇಕು. ಕೊಲಾಜನ್ ತುದಿಯ ಲೈಸಿನ್ ಅನ್ನು ಆಲ್ಡಿಹೈಡ್ ಮಾಡಿಬಿಡುತ್ತವೆ, ಅದು ಪಕ್ಕದ ಎಳೆಗೆ ಹೋಗಿ ಕಚ್ಚಿಕೊಳ್ಳುತ್ತದೆ. ಮೊದಲಿಗೆ ಎರಡು ಕಡೆ ಹಿಡಿದ ಎಳೆಯ (ಇನ್ನೂ ಮಾಗದ) ಕೊಂಡಿ, ದಿನ ಕಳೆದಂತೆ ಮೂರು ಕಡೆ ಹಿಡಿದ ಮಾಗಿದ ಕೊಂಡಿ. ಮಾಗಿದ್ದರಲ್ಲಿ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು, ಪಿರಿಡಿನೋಲಿನ್ ಮತ್ತು ಡಿಯಾಕ್ಸಿಪಿರಿಡಿನೋಲಿನ್. ಯಾವ ನಮೂನೆಯ ಕೊಂಡಿ ಬೀಳುತ್ತದೆ ಅನ್ನುವುದನ್ನು ಬಹುಪಾಲು ಇನ್ನೊಂದು ಎಂಜೈಮ್ ನಿರ್ಧರಿಸುತ್ತದೆ, ಲೈಸಿಲ್ ಹೈಡ್ರಾಕ್ಸಿಲೇಸ್-2. ಫೈಬ್ರೋಸಿಸ್ ಆದ ಕಡೆ ಇದು ಏರುತ್ತದೆ. ಮಾಮೂಲಿ ಚರ್ಮದಲ್ಲಿ ಅಷ್ಟಾಗಿ ಕಾಣದ ಪಿರಿಡಿನೋಲಿನ್ ಕಲೆ ಕಟ್ಟಿದ ಚರ್ಮದಲ್ಲಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಇಂಥ ಕೊಲಾಜನ್ ಅನ್ನು ಕತ್ತರಿಸುವುದು ಮೈಯೊಳಗಿನ ಎಂಜೈಮ್‌ಗಳಿಗೆ ಕಷ್ಟ.

ಎಂಜೈಮ್ ಇಲ್ಲದೆಯೂ ಕೊಂಡಿ ಬೀಳುತ್ತದೆ. ರಕ್ತದ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಅದೇ ಕೊಲಾಜನ್‌ಗೆ ಅಂಟಿ ಪೆಂಟೋಸಿಡಿನ್, ಗ್ಲುಕೋಸೆಪೇನ್ ಎಂಬ ಕೊಂಡಿಗಳಾಗುತ್ತವೆ. ಶುಗರ್ ಇರುವವರ ಅಂಗಾಂಶ ಪೆಡಸಾಗುವುದರಲ್ಲಿ ಇದರ ಪಾಲೂ ಇದೆ.

ನಡುವೆ ಒಂದು ಮಾತು. ಸ್ವೀಟ್ ಪೀ ಅನ್ನುವ ಹೂಗಿಡದ ಬೀಜದಲ್ಲಿರುವ ಒಂದು ವಿಷ ಲೈಸಿಲ್ ಆಕ್ಸಿಡೇಸ್ ಅನ್ನು ತಡೆಯುತ್ತದೆ. ಅದನ್ನು ತಿನ್ನಿಸಿದ ಇಲಿಗಳ ಮೂಳೆ, ರಕ್ತನಾಳ ಬಲ ಕಳೆದುಕೊಳ್ಳುತ್ತವೆ. ಕ್ರಾಸ್‌ಲಿಂಕ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಮೊದಲು ಕಲಿಸಿದ್ದೇ ಈ ವಿಷ. ಇದನ್ನು ಕೇಸರಿ ಬೇಳೆಯ ಕಥೆಗೆ ಗಂಟು ಹಾಕಬೇಡಿ. ಅದರ ವಿಷ ಬೇರೆ, ಹೊಡೆಯುವುದು ನರಕ್ಕೆ.

ಲಿವರ್ ರಿಪೋರ್ಟ್ ಹಿಡಿದು ಬಂದವರಿಗೆ

"ತಮ್ಮಾ, ಗ್ರೇಡ್ ಟೂ ಅಂತ ಬರದಾರ, ಅಂದ್ರ ಅರ್ಧಾ ಲಿವರ್ ಹೋಗೇತೇನ?" ಅಂತ ವಿದ್ಯಾನಗರದ ಕಾಕಾ ಒಬ್ಬರು ಕೇಳಿದ್ದರು. ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಬರೆಯುವ ಗ್ರೇಡ್ ಕೊಬ್ಬಿನದು. ಫೈಬ್ರೋಸಿಸ್‌ನದು ಸ್ಟೇಜ್, ಎಫ್‌-0ರಿಂದ ಎಫ್‌-4ರವರೆಗೆ. ಸೊನ್ನೆ ಅಂದರೆ ಕಲೆಯೇ ಇಲ್ಲ, ನಾಲ್ಕು ಅಂದರೆ ಸಿರೋಸಿಸ್, ಲಿವರ್ ಎಲ್ಲ ಕಲೆಗಟ್ಟಿದ ಸ್ಥಿತಿ. ಗ್ರೇಡ್ 2 ಇದ್ದವರಿಗೆ ಸ್ಟೇಜ್ ಸೊನ್ನೆ ಇರಬಹುದು, ಗ್ರೇಡ್ 1 ಇದ್ದವರಿಗೆ ಸ್ಟೇಜ್ 3 ಇರಬಹುದು. ಈ ಒಂದು ಗೊಂದಲ ಬಿಡಿಸಿದರೆ ಅರ್ಧ ಗಾಬರಿ ಇಳಿಯುತ್ತದೆ.

ಹಾಗಾದರೆ ಮೊದಲ ಟೆಸ್ಟ್ ಯಾವುದು? ಫಿಬ್‌-4. ಇದಕ್ಕೆ ಹೊಸ ರಕ್ತ ಕೊಡುವ ಅಗತ್ಯವೂ ಬೀಳದಿರಬಹುದು. ಇತ್ತೀಚಿನ ರಿಪೋರ್ಟ್‌ನಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ (ಎರಡೂ ಲಿವರ್ ಎಂಜೈಮ್), ಪ್ಲೇಟ್‌ಲೆಟ್ ಇದ್ದರೆ ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಇನ್ನೊಂದು ಕಡೆ ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್‌ನಿಂದ ಗುಣಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ.

ಉದಾಹರಣೆಗೆ ವಯಸ್ಸು 52, ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.8 ಲಕ್ಷ ಅಂದುಕೊಳ್ಳಿ. ನಮ್ಮ ಲ್ಯಾಬ್‌ಗಳು ಪ್ಲೇಟ್‌ಲೆಟ್ ಅನ್ನು ಲಕ್ಷದಲ್ಲಿ ಬರೆಯುತ್ತವೆ, ಸೂತ್ರಕ್ಕೆ ಬೇಕಾಗಿರುವುದು ಸಾವಿರದ ಲೆಕ್ಕ, ಅಂದರೆ 180. ಇಲ್ಲಿ ಎಡವಿದರೆ ಉತ್ತರ ನೂರು ಪಟ್ಟು ಆಚೀಚೆ ಆಗುತ್ತದೆ. 52 ಗುಣಿಸು 48 ಅಂದರೆ 2496. 64ರ ವರ್ಗಮೂಲ 8, ಅದನ್ನು 180ರಿಂದ ಗುಣಿಸಿದರೆ 1440. ಭಾಗಿಸಿದರೆ 1.73. ಇದು 1.3ಕ್ಕಿಂತ ಕಡಿಮೆ ಇದ್ದಿದ್ದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಂಭವ ಕಡಿಮೆ. 2.67 ದಾಟಿದ್ದರೆ ಲಿವರ್ ತಜ್ಞರನ್ನು ಬೇಗ ಕಾಣಬೇಕು. 1.73 ಅಂದರೆ ನಡುವೆ, ಅಂಥವರಿಗೆ ಮುಂದಿನ ಟೆಸ್ಟ್ ಬೇಕು. 65 ದಾಟಿದವರಿಗೆ ಕೆಳಗಿನ ಗೆರೆ 2.0 ಅಂತ ಹಿಡಿಯುತ್ತಾರೆ, ಯಾಕೆಂದರೆ ಸೂತ್ರದೊಳಗೇ ವಯಸ್ಸು ಕೂತಿದೆ, ಸುಮ್ನೆ ವಯಸ್ಸಾಗಿದ್ದಕ್ಕೇ ಅಂಕೆ ಏರುತ್ತದೆ.

ಮುಂದಿನ ಟೆಸ್ಟ್ ಸಾಮಾನ್ಯವಾಗಿ ಫೈಬ್ರೋಸ್ಕ್ಯಾನ್. ಬಲಗೈ ತಲೆಯ ಹಿಂದೆ ಇಟ್ಟು ಮಲಗಬೇಕು, ಪಕ್ಕೆಲುಬುಗಳ ನಡುವೆ ಪ್ರೋಬ್ ಇಟ್ಟು ಟಪ್ ಟಪ್ ಅಂತ ಹೊಡೆಯುತ್ತಾರೆ. ಆ ಕಂಪನ ಲಿವರ್‌ನಲ್ಲಿ ಎಷ್ಟು ಬೇಗ ಸಾಗುತ್ತದೆ ಅನ್ನುವುದರಿಂದ ಪೆಡಸುತನ ಲೆಕ್ಕ ಹಾಕುತ್ತಾರೆ, ಕಿಲೋಪ್ಯಾಸ್ಕಲ್‌ನಲ್ಲಿ. ಫ್ಯಾಟಿ ಲಿವರ್‌ನಲ್ಲಿ 8ಕ್ಕಿಂತ ಕಡಿಮೆ ಇದ್ದರೆ ಚಿಂತೆ ಕಡಿಮೆ, 12 ದಾಟಿದರೆ ಜಾಸ್ತಿ. ಹೊಟ್ಟೆ ತುಂಬ ಗಿರ್ಮಿಟ್ಟು, ಮಿರ್ಚಿ ತಿಂದು ಹೋಗಬೇಡಿ. ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು, ಊಟವಾದ ಮೇಲೆ ಲಿವರ್‌ಗೆ ರಕ್ತ ಜಾಸ್ತಿ ಹರಿದು ಅಂಕೆ ಸುಳ್ಳೇ ಏರುತ್ತದೆ. ರಿಪೋರ್ಟ್ ಬಂದಾಗ ಕೆಳಗೆ ಇನ್ನೊಂದು ಅಂಕೆ ಇರುತ್ತದೆ, ಹತ್ತು ಅಳತೆಗಳ ನಡುವಿನ ಏರುಪೇರಿನದು. ಅದು ಮಧ್ಯದ ಅಂಕೆಯ ಶೇ. 30 ಮೀರಿದ್ದರೆ ಆ ರಿಪೋರ್ಟ್ ನಂಬುವ ಮೊದಲು ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು.

ಇಲ್ಲೇ ಕ್ರಾಸ್‌ಲಿಂಕ್ ಸದ್ದಿಲ್ಲದೆ ಒಳಗೆ ಬರುತ್ತದೆ. ಫೈಬ್ರೋಸ್ಕ್ಯಾನ್ ಕೊಲಾಜನ್ ಎಣಿಸುವುದಿಲ್ಲ, ಪೆಡಸುತನ ಅಳೆಯುತ್ತದೆ. ಪೆಡಸುತನ ಕೊಲಾಜನ್ ಜಾಸ್ತಿಯಾದರೂ ಏರುತ್ತದೆ, ಇದ್ದ ಕೊಲಾಜನ್‌ಗೇ ಕೊಂಡಿ ಜಾಸ್ತಿ ಬಿದ್ದರೂ ಏರುತ್ತದೆ. ಉರಿಯೂತ, ಕಾಮಾಲೆ, ಹೃದಯದ ತೊಂದರೆಯಿಂದ ಲಿವರ್‌ನಲ್ಲಿ ರಕ್ತ ನಿಂತರೂ ಏರುತ್ತದೆ. ಇಲಿಗಳ ಲಿವರ್‌ಗೆ ಪೆಟ್ಟು ಕೊಟ್ಟು ಮಾಡಿದ ಒಂದು ಪ್ರಯೋಗ 2007ರಲ್ಲಿ ಪ್ರಕಟವಾಗಿತ್ತು. ಕಲೆ ಕಣ್ಣಿಗೆ ಕಾಣುವ ಮೊದಲೇ ಲಿವರ್ ಪೆಡಸಾಗಿತ್ತು, ಅದಕ್ಕೆ ಒಂದು ಕಾರಣ ಲೈಸಿಲ್ ಆಕ್ಸಿಡೇಸ್ ಹಾಕಿದ ಕೊಂಡಿ. ಒಂದೇ ಅಂಕೆಯಲ್ಲಿ ಇಷ್ಟೆಲ್ಲ ಕಲಸಿರುವಾಗ, ಅಂಕೆ 11ರಿಂದ 9ಕ್ಕೆ ಇಳಿದರೆ ಕಲೆ ಕರಗಿತೋ, ಬರೀ ಉರಿಯೂತ ಇಳಿಯಿತೋ ಅಂತ ಅದರಿಂದಲೇ ಹೇಳಲು ಬರುವುದಿಲ್ಲ.

ರಕ್ತದಿಂದ ಮಾಡುವ ಇ.ಎಲ್‌.ಎಫ್. ಟೆಸ್ಟ್‌ನಲ್ಲಿ ಮೂರು ವಸ್ತು ಅಳೆದು ಒಂದು ಅಂಕೆ ಕೊಡುತ್ತಾರೆ: ಹಯಲುರಾನಿಕ್ ಆಸಿಡ್, ಮೂರನೇ ಕೊಲಾಜನ್ ತಯಾರಾಗುವಾಗ ಕಳಚುವ ಒಂದು ತುಂಡು, ಮತ್ತು ಕೊಲಾಜನ್ ಕತ್ತರಿಸುವ ಎಂಜೈಮ್‌ಗಳನ್ನು ತಡೆಯುವ ಟಿಂಪ್‌-1. ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. 9.8ರ ಕೆಳಗೆ ಅಪಾಯ ಕಡಿಮೆ, 11.3 ದಾಟಿದರೆ ಸಿರೋಸಿಸ್ ಕಡೆ ಸಾಗುವ ಅಪಾಯ ಜಾಸ್ತಿ. ಪ್ರೊ-ಸಿ3 ಅನ್ನುವುದು ಬರೀ ಮೂರನೇ ಕೊಲಾಜನ್ ಈಗ ಎಷ್ಟು ತಯಾರಾಗುತ್ತಿದೆ ಅಂತ ಹೇಳುತ್ತದೆ. ಎರಡೂ 'ಬೆಳೆಯುತ್ತಿದೆಯಾ' ಅನ್ನುವ ಪ್ರಶ್ನೆಗೆ ಸರಿ, 'ಕರಗುತ್ತದಾ' ಅನ್ನುವುದಕ್ಕೆ ಅಲ್ಲ.

ಬಯಾಪ್ಸಿ ಕೊನೆಗೆ. ಸೂಜಿಗೆ ಸಿಗುವುದು ಲಿವರ್‌ನ ಸುಮಾರು ಐವತ್ತು ಸಾವಿರದಲ್ಲಿ ಒಂದು ಪಾಲು. ಪಕ್ಕದ ಜಾಗದಲ್ಲಿ ಚುಚ್ಚಿದ್ದರೆ ಬೇರೆ ಸ್ಟೇಜ್ ಬರಬಹುದಿತ್ತು. ಆದರೂ ರೋಗವೇ ಯಾವುದು ಅಂತ ಗೊಂದಲ ಇದ್ದಾಗ, ಅಥವಾ ಮೇಲಿನ ಟೆಸ್ಟ್‌ಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಅದಕ್ಕೆ ಸಾಟಿ ಇಲ್ಲ.

ರಿಪೋರ್ಟ್ ಹಿಡಿದು ಬಂದವರಿಗೆ ನನ್ನ ಸಲಹೆ ಇಷ್ಟೇ: ಫಿಬ್‌-4, ಅನುಮಾನ ಇದ್ದರೆ ಫೈಬ್ರೋಸ್ಕ್ಯಾನ್, ಅದರ ಮುಂದೆ ಡಾಕ್ಟ್ರು ಹೇಳಿದಂತೆ. 'ಕೊಲಾಜನ್ ಕ್ರಾಸ್‌ಲಿಂಕ್ ಟೆಸ್ಟ್' ಅಂತ ಯಾವುದಾದರೂ ಪ್ಯಾಕೇಜ್‌ನಲ್ಲಿ ಕಂಡರೆ ಅದು ಬಹುತೇಕ ಮೂಳೆ ಸವೆತದ ಟೆಸ್ಟ್. ಲಿವರ್‌ಗಾಗಿ ಅದನ್ನು ಮಾಡಿಸಬೇಡಿ. ಅಂಗಡಿಯಲ್ಲಿ ಮಾರುವ ಕೊಲಾಜನ್ ಪುಡಿಗೂ ಈ ವಿಷಯಕ್ಕೂ ಸಂಬಂಧವಿಲ್ಲ. ಅದು ಹೊಟ್ಟೆಯಲ್ಲಿ ಅರಗಿ ಚೂರುಚೂರಾಗುತ್ತದೆ, ನೇರ ಹೋಗಿ ಲಿವರ್‌ನಲ್ಲಿ ಕಲೆಯಾಗಿ ಕೂರುವುದಿಲ್ಲ.

ಕರಗುವ ಕಲೆ, ಕರಗದ ಕಲೆ

ಸಿರೋಸಿಸ್ ಆದರೆ ಮುಗೀತು ಅಂತ ಹೇಳುತ್ತಿದ್ದ ಕಾಲ ಇತ್ತು. ಹೆಪಟೈಟಿಸ್-ಬಿ ರೋಗಿಗಳಿಗೆ ವೈರಸ್ ತಡೆಯುವ ಟೆನೊಫೊವಿರ್ ಐದು ವರ್ಷ ಕೊಟ್ಟು, ಮೊದಲೊಮ್ಮೆ ಕೊನೆಗೊಮ್ಮೆ ಬಯಾಪ್ಸಿ ಮಾಡಿ ನೋಡಿದ ಅಧ್ಯಯನ 2013ರಲ್ಲಿ ಬಂತು. ಶುರುವಿನಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ 71 ಜನರಿಗೆ ಐದು ವರ್ಷದ ಬಳಿಕ ಸಿರೋಸಿಸ್ ಇರಲಿಲ್ಲ. ಉಳಿದ 25 ಜನರಿಗೆ ಯಾಕೆ ಕರಗಲಿಲ್ಲ? ಬೊಜ್ಜು ಒಂದು ಕಾರಣವಾಗಿ ಕಂಡಿತು. ಆದರೆ ಶುರುವಿನಲ್ಲಿ ಎಲ್ಲರದ್ದೂ ಸಿರೋಸಿಸ್ ಹಂತವೇ. ಯಾರದು ಕರಗುತ್ತದೆ, ಯಾರದು ಕರಗುವುದಿಲ್ಲ ಅಂತ ಸ್ಟೇಜ್ ಒಂದೇ ಹೇಳಲಾರದು. ಕ್ರಾಸ್‌ಲಿಂಕ್ ಅಳೆಯುವ ಆಸೆ ಹುಟ್ಟುವುದೇ ಇಲ್ಲಿ.

ಶ್ವಾಸಕೋಶದ ಕಡೆಯಿಂದ ಇನ್ನೂ ಗಟ್ಟಿ ಸಾಕ್ಷಿ ಇದೆ. ಕಾರಣ ಗೊತ್ತಿಲ್ಲದೆ ಶ್ವಾಸಕೋಶ ಕಲೆಗಟ್ಟುವ ಐ.ಪಿ.ಎಫ್. ರೋಗದಲ್ಲಿ ಅಂಗಾಂಶ ಪೆಡಸಾಗುವುದಕ್ಕೆ ಕೊಲಾಜನ್ ಪ್ರಮಾಣಕ್ಕಿಂತ ಪಿರಿಡಿನೋಲಿನ್ ಕೊಂಡಿಗಳೇ ಜೊತೆಯಾಗಿ ಕಾಣುತ್ತವೆ ಅಂತ ಬ್ರಿಟನ್ನಿನ ಸೌತಾಂಪ್ಟನ್ ತಂಡ 2018ರಲ್ಲಿ ತೋರಿಸಿತು.

ಹಾಗಂತ ಕೊಂಡಿ ಹಾಕುವ ಎಂಜೈಮ್ ತಡೆದರೆ ರೋಗ ವಾಸಿಯಾಗುತ್ತದೆಯೇ? ಲಾಕ್ಸ್‌ಎಲ್-2 ಅನ್ನು ತಡೆಯುವ ಪ್ರತಿಕಾಯ 2010ರಲ್ಲಿ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಅದೇ ಜಾತಿಯ ಸಿಮ್ಟುಜುಮ್ಯಾಬ್ ಅನ್ನು ಗಿಲಿಯಡ್ ಕಂಪನಿ ಮನುಷ್ಯರಲ್ಲಿ ಪರೀಕ್ಷಿಸಿತು. ಐ.ಪಿ.ಎಫ್. ಇದ್ದ 544 ಜನರಲ್ಲಿ ಉಪಯೋಗವಾಗಲಿಲ್ಲ, 2016ರಲ್ಲಿ ನಿಲ್ಲಿಸಿದರು. ಫ್ಯಾಟಿ ಲಿವರ್‌ನಿಂದ ಸ್ಟೇಜ್ 3 ಮುಟ್ಟಿದ 219 ಜನ, ಸಿರೋಸಿಸ್ ಆದ 258 ಜನ, ಅಲ್ಲೂ ಉಪಯೋಗ ಕಾಣಲಿಲ್ಲ. ನನಗನಿಸುವುದು ಇದು. ಆ ರೋಗಿಗಳ ಕಲೆ ಆಗಲೇ ಮಾಗಿತ್ತು, ಹೊಸ ಕೊಂಡಿ ತಡೆದರೆ ಹಳೇ ಕೊಂಡಿ ಬಿಚ್ಚುವುದಿಲ್ಲ. ಮನೆತನದ ಉಳಿದ ನಾಲ್ವರು ತಮ್ಮ ಕೆಲಸ ಮಾಡುತ್ತಲೇ ಇದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಯಾರ ಕಲೆ ಎಷ್ಟು ಮಾಗಿದೆ ಅಂತ ಮೊದಲು ಅಳೆದು ರೋಗಿಗಳನ್ನು ಬೇರೆ ಮಾಡಲು ಒಂದು ಒಳ್ಳೆಯ ಬಯೋಮಾರ್ಕರ್ ಕೈಯಲ್ಲಿರಲಿಲ್ಲ.

ಥೀಸಿಸ್‌ಗೆ ಆರಿಸುವವರಿಗೆ

ಎಲ್ಲರೂ ಮೊದಲು ಕೇಳುವುದು ಮೂತ್ರದ ಪಿರಿಡಿನೋಲಿನ್ ಕಿಟ್. ಸುಲಭ, ಸೂಜಿ ಬೇಡ, ಎಲೈಸಾ (ಬಣ್ಣದ ಗಾಢತೆಯಿಂದ ಪ್ರಮಾಣ ಅಳೆಯುವ ವಿಧಾನ) ರೀಡರ್ ಸಾಕು. ನಾನು ಬೇಡ ಅನ್ನುತ್ತೇನೆ. ಮೂತ್ರಕ್ಕೆ ಬರುವ ಈ ಕೊಂಡಿಗಳು ಬಹುಪಾಲು ಮೂಳೆ, ಕೀಲುಗಳಿಂದ ಬಂದವು. ಡಿಯಾಕ್ಸಿಪಿರಿಡಿನೋಲಿನ್ ಅಂತೂ ಹೆಚ್ಚುಕಡಿಮೆ ಮೂಳೆಯದೇ. ಮುಟ್ಟು ನಿಂತ ಹೆಂಗಸರಲ್ಲಿ ಏರುತ್ತದೆ, ಬೆಳೆಯುವ ಮಕ್ಕಳಲ್ಲಿ ಏರುತ್ತದೆ, ಕಾಲು ಮುರಿದು ಮಲಗಿದವರಲ್ಲಿ ಏರುತ್ತದೆ, ಥೈರಾಯ್ಡ್ ಜಾಸ್ತಿ ಇದ್ದರೆ ಏರುತ್ತದೆ. ಇಷ್ಟು ಗದ್ದಲದಲ್ಲಿ ಒಂದೂವರೆ ಕಿಲೋ ತೂಕದ ಲಿವರ್‌ನ ಪಿಸುಮಾತು ಕೇಳಿಸುವುದು ಹೇಗೆ? ಅದರ ಮೇಲೆ ಬೆಳಗಿನ ಜಾವ ಅಂಕೆ ಏರಿ ಹಗಲು ಇಳಿಯುತ್ತದೆ, ಹಾಗಾಗಿ ಎಲ್ಲರ ಸ್ಯಾಂಪಲ್ ಒಂದೇ ಹೊತ್ತಿನದಾಗಿರಬೇಕು, ಕ್ರಿಯಾಟಿನಿನ್‌ಗೆ ಹೊಂದಿಸಬೇಕು, ಬಿಸಿಲು ತಾಗದಂತೆ ಡಬ್ಬಿಗೆ ಫಾಯಿಲ್ ಸುತ್ತಬೇಕು. ಈ ಕೊಂಡಿಗಳು ನೇರಳಾತೀತ ಕಿರಣಕ್ಕೆ ಹಾಳಾಗುತ್ತವೆ. ಧಾರವಾಡದ ಏಪ್ರಿಲ್ ಬಿಸಿಲಿನಲ್ಲಿ ಪಾರದರ್ಶಕ ಡಬ್ಬಿ ಕಿಟಕಿಯ ಪಕ್ಕ ಇಟ್ಟರೆ ಕಥೆ ಮುಗೀತು.

ರಕ್ತದ ಲಾಕ್ಸ್‌ಎಲ್-2 ಸ್ವಲ್ಪ ಉತ್ತಮ. ಐ.ಪಿ.ಎಫ್. ರೋಗಿಗಳಲ್ಲಿ ಅದು ಜಾಸ್ತಿ ಇದ್ದವರ ರೋಗ ಬೇಗ ಮುಂದುವರಿಯಿತು ಅಂತ 2014ರಲ್ಲಿ ವರದಿಯಾಗಿದೆ. ಆದರೆ ನೀವು ಅಳೆಯುತ್ತಿರುವುದು ಎಂಜೈಮ್ ಅನ್ನು, ಅದು ಹಾಕಿದ ಕೊಂಡಿಯನ್ನಲ್ಲ. ಥೀಸಿಸ್ ಶೀರ್ಷಿಕೆಯಲ್ಲಿ 'ಕ್ರಾಸ್‌ಲಿಂಕ್' ಅಂತ ಬರೆದು ಒಳಗೆ ಬರೀ ಎಂಜೈಮ್ ಅಳೆದರೆ ವೈವಾದಲ್ಲಿ ಅದೇ ಪ್ರಶ್ನೆ ಬರುತ್ತದೆ.

ರಕ್ತದಿಂದಲೇ ಮಾಡಬೇಕು ಅಂತಿದ್ದರೆ ನನ್ನ ಆಯ್ಕೆ ಹೃದಯದ ವಿಷಯ. ಸ್ಪೇನಿನ ಪಾಂಪ್ಲೋನಾದ ನವಾರಾ ವಿಶ್ವವಿದ್ಯಾಲಯದ ತಂಡ ಒಂದು ಜಾಣ ಉಪಾಯ ಹೂಡಿದೆ. ಎಂಎಂಪಿ-1 ಎಂಬ ಎಂಜೈಮ್ ಒಂದನೇ ಕೊಲಾಜನ್ ಅನ್ನು ಕತ್ತರಿಸಿದಾಗ ಸಿಐಟಿಪಿ ಎಂಬ ತುಂಡು ರಕ್ತಕ್ಕೆ ಬರುತ್ತದೆ. ಕೊಂಡಿ ಜಾಸ್ತಿ ಇದ್ದರೆ ಕತ್ತರಿ ಎಷ್ಟೇ ಇದ್ದರೂ ತುಂಡು ಕಡಿಮೆ ಬರುತ್ತದೆ. ಹಾಗಾಗಿ ಎರಡನ್ನೂ ಅಳೆದು, ಸಿಐಟಿಪಿಯನ್ನು ಎಂಎಂಪಿ-1ರಿಂದ ಭಾಗಿಸಿದರೆ ಬರುವ ಅನುಪಾತ ಕಡಿಮೆ ಇದ್ದಷ್ಟೂ ಕ್ರಾಸ್‌ಲಿಂಕ್ ಜಾಸ್ತಿ. ಇದನ್ನು ಅವರು ಹೃದಯದ ಬಯಾಪ್ಸಿ ಜೊತೆ ತಾಳೆ ನೋಡಿದ್ದಾರೆ. ಬಿ.ಪಿ.ಯಿಂದ ಹೃದಯ ಸೋತವರಲ್ಲಿ ಕ್ರಾಸ್‌ಲಿಂಕ್ ಜಾಸ್ತಿ ಇದ್ದವರು ಮತ್ತೆ ಆಸ್ಪತ್ರೆ ಸೇರುವುದು ಜಾಸ್ತಿ ಅಂತ 2016ರಲ್ಲಿ ಪ್ರಕಟಿಸಿದ್ದಾರೆ. ಎರಡು ಎಲೈಸಾ ಕಿಟ್, ಒಂದು ಭಾಗಾಕಾರ. ಬಿ.ಪಿ. ರೋಗಿಗಳಿಗೆ ನಮ್ಮ ಯಾವ ಆಸ್ಪತ್ರೆಯಲ್ಲೂ ಬರ ಇಲ್ಲ, ಹುಬ್ಬಳ್ಳಿ ಇರಲಿ, ಗದಗ ಇರಲಿ, ಹಾವೇರಿ ಇರಲಿ.

ತೊಡಕು ಇದರಲ್ಲೂ ಇದೆ. ಸಿಐಟಿಪಿ ಮೂಳೆಯಿಂದಲೂ ಬರುತ್ತದೆ, ಕಿಡ್ನಿ ಸೋತವರ ರಕ್ತದಲ್ಲಿ ಸುಮ್ನೆ ಸೇರಿಕೊಂಡು ಕೂರುತ್ತದೆ. ಕಿಡ್ನಿ ರೋಗಿಗಳನ್ನು, ಮೂಳೆಗೆ ಕ್ಯಾನ್ಸರ್ ಹರಡಿದವರನ್ನು ಮೊದಲೇ ಹೊರಗಿಡಿ. ಇನ್ನೊಂದು ಪಾಠವೂ ಗೊತ್ತಿರಲಿ. ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಟೊರಾಸೆಮೈಡ್ ಮಾತ್ರೆ ಹೃದಯದ ಕ್ರಾಸ್‌ಲಿಂಕ್ ಇಳಿಸುತ್ತದೆ ಅಂತ ಸಣ್ಣ ಅಧ್ಯಯನಗಳು ಹೇಳಿದ್ದವು. ಆಮೇಲೆ 2859 ರೋಗಿಗಳ ದೊಡ್ಡ ಪರೀಕ್ಷೆ ನಡೆದು 2023ರಲ್ಲಿ ಪ್ರಕಟವಾಯಿತು, ಮಾಮೂಲಿ ಫ್ಯೂರೋಸೆಮೈಡ್‌ಗೂ ಅದಕ್ಕೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಬರಲಿಲ್ಲ. ಆದರೆ ಅಲ್ಲಿ ರೋಗಿಗಳನ್ನು ಕ್ರಾಸ್‌ಲಿಂಕ್ ನೋಡಿ ಆರಿಸಿರಲಿಲ್ಲ. ಹಾಗಾಗಿ 'ಕ್ರಾಸ್‌ಲಿಂಕ್ ಸಿದ್ಧಾಂತ ಬಿತ್ತು' ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, 'ಗೆದ್ದಿತು' ಅನ್ನಲೂ ಇನ್ನೂ ಏನೂ ಕೈಗೆ ಸಿಕ್ಕಿಲ್ಲ.

ಅಂಗಾಂಶ ಕೈಗೆ ಸಿಗುತ್ತದೆ ಅಂತಾದರೆ ಅಸಲಿ ಅಳತೆ ಮಾಡಬಹುದು. ತುಂಡನ್ನು 6 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಬಿಗಿಯಾಗಿ ಮುಚ್ಚಿ, 110 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ ಕರಗಿಸಬೇಕು. ರಾತ್ರಿ ಕರೆಂಟ್ ಹೋದರೆ ಮಾರನೇ ದಿನ ಹೊಸದಾಗಿ ಶುರು, ಯುಪಿಎಸ್ ಮೇಲಿರುವ ಓವನ್ ಹುಡುಕಿಕೊಳ್ಳಿ. ಕರಗಿದ ಮೇಲೆ ಸೆಲ್ಯುಲೋಸ್ ಕಾಲಮ್‌ನಲ್ಲಿ ಶುದ್ಧ ಮಾಡಿ ಎಚ್‌ಪಿಎಲ್‌ಸಿಗೆ (ದ್ರಾವಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಹಾಕಿದರೆ ಮಾಗಿದ ಕೊಂಡಿಗಳು ತಾವೇ ಹೊಳೆಯುತ್ತವೆ: 295 ನ್ಯಾನೋಮೀಟರ್ ಬೆಳಕು ಕೊಟ್ಟರೆ 400ರ ಆಸುಪಾಸಿನಲ್ಲಿ. ಎಳೆಯ ಕೊಂಡಿಗಳೂ ಬೇಕೆಂದರೆ ಕಾಯಿಸುವ ಮೊದಲೇ ಸೋಡಿಯಂ ಬೋರೋಹೈಡ್ರೈಡ್ ಹಾಕಿ ಅವನ್ನು ಗಟ್ಟಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಆಸಿಡ್‌ನಲ್ಲಿ ಮುರಿದುಹೋಗುತ್ತವೆ. ಅದಕ್ಕೆ ಎಲ್‌ಸಿ-ಎಂಎಸ್ (ಬೇರ್ಪಡಿಸಿದ ವಸ್ತುಗಳನ್ನು ಅಣುತೂಕದಿಂದ ಗುರುತಿಸುವ ಯಂತ್ರ) ಬೇಕಾಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಂಥ ಕಡೆ ಹೊರಗಿನವರೂ ಶುಲ್ಕ ಕಟ್ಟಿ ಸ್ಯಾಂಪಲ್ ಓಡಿಸಬಹುದು. ಸದ್ಯ ಯಾವ ಯಂತ್ರ ನಡೆಯುತ್ತಿದೆ ಅಂತ ಸಿನಾಪ್ಸಿಸ್ ಬರೆಯುವ ಮೊದಲೇ ಫೋನ್ ಹಚ್ಚಿ ಕೇಳಿ.

ಯಾವ ದಾರಿ ಹಿಡಿದರೂ ಅದೇ ಕರಗಿಸಿದ ನೀರಿನಲ್ಲಿ ಹೈಡ್ರಾಕ್ಸಿಪ್ರೋಲಿನ್ ಕೂಡ ಅಳೆಯಲೇಬೇಕು. ಕ್ಲೋರಮಿನ್-ಟಿ ಹಾಕಿ, ಎರ್ಲಿಕ್ ರಿಯೇಜೆಂಟ್ ಹಾಕಿ, ಗುಲಾಬಿ ಬಣ್ಣವನ್ನು 550-560 ನ್ಯಾನೋಮೀಟರ್‌ನಲ್ಲಿ ಓದುವುದು, ಕಾಲೇಜಿನ ಹಳೇ ಸ್ಪೆಕ್ಟ್ರೋಫೋಟೋಮೀಟರ್‌ಗೂ ಆಗುವ ಕೆಲಸ. ಅದರಿಂದ ಒಟ್ಟು ಕೊಲಾಜನ್ ಗೊತ್ತಾಗುತ್ತದೆ. ಒಂದು ಕೊಲಾಜನ್ ಅಣುವಿಗೆ ಸುಮಾರು 300 ಹೈಡ್ರಾಕ್ಸಿಪ್ರೋಲಿನ್ ಅಂತ ಹಿಡಿದು, ಒಂದು ಅಣುವಿಗೆ ಎಷ್ಟು ಪಿರಿಡಿನೋಲಿನ್ ಅಂತ ಬರೆಯಿರಿ. ಒಂದು ಮಿಲಿಗ್ರಾಂ ಅಂಗಾಂಶಕ್ಕೆ ಇಷ್ಟು ಅಂತ ಬರೆದರೆ ಕೊಲಾಜನ್ ಜಾಸ್ತಿಯಾದದ್ದೂ ಕೊಂಡಿ ಜಾಸ್ತಿಯಾದದ್ದೂ ಒಂದರೊಳಗೊಂದು ಕಲಸಿಹೋಗಿ, ಫೈಬ್ರೋಸ್ಕ್ಯಾನ್‌ನ ಗೊಂದಲವನ್ನೇ ಲ್ಯಾಬಿಗೆ ತಂದಂತಾಗುತ್ತದೆ. ಕೈ ಪಳಗಿಸಲು ಮಟನ್ ಅಂಗಡಿಯ ಲಿವರ್ ಸಾಕು. ಜೊತೆಗೆ ಕಾಲಿನ ನರದಂಥ ಬಿಳಿ ಸ್ನಾಯುರಜ್ಜು ಒಂದು ತುಂಡು ಕೇಳಿ ತನ್ನಿ, ಅದು ತುಂಬ ಕೊಲಾಜನ್. ಪ್ರತಿ ಸಲ ಅದನ್ನೂ ಓಡಿಸಿದರೆ ವಿಧಾನ ಸರಿ ನಡೆಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಯಂತ್ರವೇ ಸಿಗದಿದ್ದರೆ ಅಗ್ಗದ ದಾರಿ ಒಂದಿದೆ. ಅಂಗಾಂಶವನ್ನು ಮೊದಲು ಉಪ್ಪುನೀರಿನಲ್ಲಿ, ಆಮೇಲೆ 0.5 ಮೋಲಾರ್ ಅಸಿಟಿಕ್ ಆಸಿಡ್‌ನಲ್ಲಿ, ಆಮೇಲೆ ಪೆಪ್ಸಿನ್ ಹಾಕಿ ಕರಗಿಸುತ್ತಾ ಹೋಗಿ, ಪ್ರತಿ ಹಂತದಲ್ಲಿ ಎಷ್ಟು ಕೊಲಾಜನ್ ಬಿಟ್ಟಿತು, ಕೊನೆಗೆ ಎಷ್ಟು ಉಳಿಯಿತು ಅಂತ ಹೈಡ್ರಾಕ್ಸಿಪ್ರೋಲಿನ್‌ನಿಂದಲೇ ಲೆಕ್ಕ ಹಾಕುವುದು. ಯಾವುದಕ್ಕೂ ಕರಗದೆ ಉಳಿದ ಪಾಲು ಜಾಸ್ತಿ ಇದ್ದರೆ ಕೊಂಡಿ ಜಾಸ್ತಿ. ಒರಟು ಅಳತೆ, ಆದರೆ ಪ್ರಾಮಾಣಿಕ ಅಳತೆ. ಮೂತ್ರದ ಕಿಟ್‌ಗಿಂತ ನಾನು ಇದನ್ನು ಎಷ್ಟೋ ಮೇಲೆ ಇಡುತ್ತೇನೆ.

ಪೆಥಾಲಜಿಯವರು ಪಿಕ್ರೋಸಿರಿಯಸ್ ರೆಡ್ ಬಣ್ಣ ಹಾಕಿ ಧ್ರುವೀಕೃತ ಬೆಳಕಿನಲ್ಲಿ ನೋಡುತ್ತಾರೆ. ಕೊಲಾಜನ್ ಎಷ್ಟು ಜಾಗ ಹಿಡಿದಿದೆ ಅಂತ ಅಳೆಯಲು ಚೆನ್ನ. ಆದರೆ ಕೆಂಪು ಕಂಡದ್ದು ಒಂದನೇ ಕೊಲಾಜನ್, ಹಸಿರು ಮೂರನೆಯದು ಅಂತ ಬರೆಯುವ ಹಳೇ ರೂಢಿ ಬಿಡಿ, ಆ ಬಣ್ಣ ನಾರಿನ ದಪ್ಪ ಮತ್ತು ಜೋಡಣೆಯಿಂದ ಬರುವುದು. ಬಣ್ಣವೇ ಇಲ್ಲದೆ ಲೇಸರ್‌ನಿಂದ ಕೊಲಾಜನ್ ನಾರು ತೋರಿಸುವ ಎಸ್‌ಎಚ್‌ಜಿ ಸೂಕ್ಷ್ಮದರ್ಶಕವೂ ನಾರಿನ ಜೋಡಣೆ ಹೇಳುತ್ತದೆ, ಕೊಂಡಿ ಎಣಿಸುವುದಿಲ್ಲ. ಮುಂದಿನ ದಿನಗಳಿಗೆ ನನ್ನ ಕಣ್ಣಿರುವುದು ಎಂ.ಆರ್.ಐ. ಮೇಲೆ. ಲೈಸಿಲ್ ಆಕ್ಸಿಡೇಸ್ ಈಗಷ್ಟೇ ಮಾಡಿಟ್ಟ ಆಲ್ಡಿಹೈಡ್‌ಗೆ ಹೋಗಿ ಅಂಟುವ ಗ್ಯಾಡೋಲಿನಿಯಂ ಔಷಧಿಗಳನ್ನು ಬೋಸ್ಟನ್ನಿನಲ್ಲಿ ತಯಾರಿಸಿ ಪ್ರಾಣಿಗಳಲ್ಲಿ ತೋರಿಸಿದ್ದಾರೆ. ಚುಚ್ಚದೆ, ಕತ್ತರಿಸದೆ, ಇಡೀ ಅಂಗದಲ್ಲಿ ಈಗ ಎಲ್ಲಿ ಕೊಂಡಿ ಬೀಳುತ್ತಿದೆ ಅಂತ ಕಾಣುತ್ತದೆ. ಸದ್ಯಕ್ಕೆ ಅದು ನಮ್ಮ ಆಸ್ಪತ್ರೆಯ ಪಟ್ಟಿಯಲ್ಲಿಲ್ಲ, ಅಷ್ಟೇ.

ಬಯಾಪ್ಸಿ ತುಂಡು ಬಳಸುವ ಯೋಚನೆ ಇದ್ದರೆ ಅದು ಫಾರ್ಮಾಲಿನ್‌ಗೆ ಬೀಳುವ ಮೊದಲೇ ಸರ್ಜನ್ ಮತ್ತು ಪೆಥಾಲಜಿಯವರ ಜೊತೆ ಮಾತಾಡಿ. ಫಾರ್ಮಾಲಿನ್ ತಾನೇ ಪ್ರೋಟೀನ್‌ಗಳ ನಡುವೆ ಕೊಂಡಿ ಹಾಕುತ್ತದೆ, ಆಮೇಲೆ ಕರಗಿಸುವ ವಿಧಾನಕ್ಕೆ ಅರ್ಥವೇ ಉಳಿಯುವುದಿಲ್ಲ. ಎಥಿಕ್ಸ್ ಕಮಿಟಿಯ ಅರ್ಜಿಯಲ್ಲಿ 'ರೋಗನಿರ್ಣಯಕ್ಕೆ ಬೇಕಾದಷ್ಟು ತೆಗೆದ ಮೇಲೆ ಉಳಿದ ಭಾಗವನ್ನು ಮೈನಸ್ 80ರಲ್ಲಿ ಇಡಲಾಗುವುದು' ಅಂತ ಒಂದು ಸಾಲು ಮೊದಲೇ ಸೇರಿಸಿ, ರೋಗಿಯ ಒಪ್ಪಿಗೆ ಪತ್ರದಲ್ಲೂ ಅದು ಕನ್ನಡದಲ್ಲಿ ಇರಲಿ.